ಕಲ್ಲಿನ ಮೇಲಣ ಹೆಸರು

ಅಹಂಕಾರವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ವೇದಾಂತಿಗಳು. ನಾವು ಚರಿತ್ರೆಯನ್ನು ಓದುವವರು. ಆದುದರಿಂದ ಈ ವಿಷಯವನ್ನು ನಮಗೆ ಪರಿಚಿತವಾದ ಸಾಮಗ್ರಿಯಿಂದಲೇ, ಎಂದರೆ ಗುಡಿ ಶಾಸನಗಳಿಂದಲೇ, ವಿಚಾರಮಾಡುವುದು ಲೇಸು. ಮನುಷ್ಯನಿಗೆ ತನ್ನ ಹೆಸರಿನ ಮೇಲೆ ಎಷ್ಟು ಮಮತೆಯೆಂಬುದನ್ನು ಶಾಸನಗಳಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತಿಳಿಸಲಾರದು. ಆ ಮಮತೆಯಲ್ಲಿ ಎಷ್ಟು ಭಾಗ ಆರೋಗ್ಯ, ಎಷ್ಟು ಭಾಗ ರೋಗ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ತರೀಕೆರೆಗೆ ಸಮೀಪದಲ್ಲಿ ಅಮೃತಾಪುರವೆಂಬ ಗ್ರಾಮವಿದೆ. ಅಲ್ಲಿಯ ಅಮೃತೇಶ್ವರ ದೇವಾಲಯವನ್ನು ಕ್ರಿ. ಶ. 1196ರಲ್ಲಿ, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಆಳಿಕೆಯಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದನು. ದೇವರ ಹೆಸರೂ ಕಟ್ಟಿಸಿದವನ ಹೆಸರೂ ಒಂದೇ ಆಗಿರುವುದನ್ನು ಕಂಡು, ಇದೆಂತಹ ಅಹಂಕಾರವೆಂದು ಇಂದಿನವರು ಹುಬ್ಬೇರಿಸಬಹುದು. ಆದರೆ ಕಟ್ಟಿಸಿದವನ ಹೆಸರನ್ನು ಲಿಂಗಕ್ಕಿಡುವುದು ಆ ಕಾಲದ ವಾಡಿಕೆ. ದೋರಸಮುದ್ರದ ಹೊಯ್ಸಳೇಶ್ವರನಿಗೂ ದೊರೆಮನೆತನದ ಹೆಸರೇ ಇದೆ. ಈ ವಾಡಿಕೆಗೆ ಎರಡು ಮುಖಗಳುಂಟು. ಒಂದು ಕಡೆಯಿಂದ ನೋಡಿದರೆ ಮನುಷ್ಯನು ದೇವರಿಗೆ ತನ್ನ ಮುದ್ರೆಯನ್ನು ಒತ್ತಿದ್ದಾನೆ. ಇನ್ನೊಂದು ಕಡೆಯಿಂದ ನೋಡಿದರೆ ತನ್ನ ಹೆಸರನ್ನು ದೇವರಿಗೆ ಬಿಟ್ಟುಕೊಟ್ಟಿದ್ದಾನೆ. ಅಮೃತೇಶ್ವರನಿಗೆ ಕೈಮುಗಿಯುವ ಒಕ್ಕಲಿನವನ ಮನಸ್ಸಿನಲ್ಲಿ ದಂಡನಾಯಕನಿಲ್ಲ, ಈಶ್ವರನಿದ್ದಾನೆ. ಒಂದೇ ಕಾರ್ಯವು ಅಹಂಕಾರವೂ ಆಗಬಹುದು, ಸಮರ್ಪಣೆಯೂ ಆಗಬಹುದು. ಹೊರಗಿನಿಂದ ನೋಡಿ ತೀರ್ಪು ಕೊಡುವುದು ಕಷ್ಟ.

ಇನ್ನು ಶಿಲ್ಪಿಗಳ ಕಡೆಗೆ ತಿರುಗೋಣ. ಈ ಗುಡಿಯಲ್ಲಿ ಕೆಲಸಮಾಡಿದ ರೂವಾರಿಗಳ ಪೈಕಿ ಮಲ್ಲಿತಮ್ಮನೆಂಬವನು ಪ್ರಸಿದ್ಧನು. 62 ವರ್ಷಗಳ ತರುವಾಯ, 1258ರ ಸೋಮನಾಥಪುರದ ಕೇಶವಾಲಯದಲ್ಲಿಯೂ ಅದೇ ಹೆಸರು ಕಾಣುವುದು. ಅವನ ಸಹಿ ಬಹುಮಟ್ಟಿಗೆ ಚಿಕ್ಕದು: ‘ಮಲ್ಲಿ’ ಎಂದಿಷ್ಟೇ, ಕೆಲವೆಡೆ ‘ಮ’ ಎಂಬ ಒಂದೇ ಅಕ್ಷರ. ಇದಕ್ಕೆ ಪ್ರತಿಯಾಗಿ, ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯಲ್ಲಿ, ಶಿಲ್ಪಿಗಳು ತಮ್ಮ ಹೆಸರು, ತಂದೆಯ ಹೆಸರು, ಊರುಗಳೊಡನೆ ಎದುರಾಳಿಗಳನ್ನು ಅಡಗಿಸುವ ಬಿರುದುಗಳನ್ನೂ ಕೊರೆದುಕೊಂಡಿದ್ದಾರೆ.

ಹಾಗೆಂದು ಮಲ್ಲಿತಮ್ಮನು ವಿನಯಶಾಲಿ, ಬೇಲೂರಿನವರು ಗರ್ವಿಷ್ಠರು ಎಂದು ತೀರ್ಮಾನಿಸಲು ನಮಗೆ ಅಧಿಕಾರವಿಲ್ಲ. ಚಿಕ್ಕ ಸಹಿ ಕೂಲಿಯ ಲೆಕ್ಕಕ್ಕಾಗಿ ಹಾಕಿದ ಗುರುತೂ ಆಗಿರಬಹುದು. ಬೇಲೂರಿನ ಮದನಿಕೆಯರಾದರೋ ತಮ್ಮ ಕರ್ತೃಗಳ ಬಿರುದನ್ನು ಎಂಟು ಶತಮಾನಗಳಿಗೂ ಮೀರಿ ಸಮರ್ಥಿಸುತ್ತ ನಿಂತಿದ್ದಾರೆ. ತನ್ನ ಕೆಲಸ ತನ್ನದೆಂದು ಹೇಳಿಕೊಳ್ಳುವುದು ದೋಷವಲ್ಲ. ಅದರಲ್ಲಿ ಹೊಣೆಗಾರಿಕೆಯೂ ಇದೆ. ಹೆಸರು ಹಾಕಿದವನು ಕುಂದಿಗೂ ಬಾಧ್ಯನಾಗುತ್ತಾನೆ. ಹೆಸರು ಕೆಲಸದ ಅಡಿಯಲ್ಲಿದೆಯೋ, ಕೆಲಸದ ಸ್ಥಾನದಲ್ಲಿಯೇ ಕುಳಿತಿದೆಯೋ ಎಂಬುದು ನೋಡಬೇಕಾದ ಅಂಶ. ಅಹಂಕಾರವನ್ನು ಗುರುತಿಸುವ ಮೊದಲನೆಯ ಪರೀಕ್ಷೆ ಇದು.

ಎರಡನೆಯ ಪರೀಕ್ಷೆಯನ್ನು ಅದೇ ಗುಡಿಯ ತೆರೆದ ಮಂಟಪದ ಹೊರಗೋಡೆ ಒದಗಿಸುತ್ತದೆ. ಅಲ್ಲಿ 140 ಫಲಕಗಳಲ್ಲಿ ಕಥೆಗಳನ್ನು ಕೆತ್ತಿದ್ದಾರೆ: ರಾಮಾಯಣಕ್ಕೆ 70, ಶ್ರೀಕೃಷ್ಣನ ಚರಿತ್ರೆಗೆ 25, ಮಹಾಭಾರತಕ್ಕೆ 45. ಇಂತಹ ಸಾಲಿನಲ್ಲಿ ಒಂದು ಫಲಕವು ತನ್ನಷ್ಟಕ್ಕೆ ಪೂರ್ಣವಲ್ಲ. ಹಿಂದಿನದರಿಂದ ಹೊರಟು ಮುಂದಿನದಕ್ಕೆ ದಾರಿ ಬಿಡಬೇಕು. ಒಂದು ಫಲಕದ ರಾಮನು ಉಳಿದ ಫಲಕಗಳ ರಾಮನನ್ನು ಮೀರಿ ಬೆಳೆದರೆ ಕಥೆ ಮುರಿಯುವುದು. ಸಾಮಾನ್ಯವಾದ ಅಳತೆಯೊಳಗಿದ್ದು ತನ್ನ ಶಕ್ತಿಯನ್ನೆಲ್ಲ ತೋರಿಸಬಲ್ಲವನು ಸ್ವಸ್ಥನು. ಅಳತೆಯೇ ತನಗೆ ಅವಮಾನವೆಂದು ಭಾವಿಸುವವನಿಗೆ ಎಷ್ಟು ಪ್ರತಿಭೆಯಿದ್ದರೂ ಚಿಕಿತ್ಸೆ ಬೇಕು.

ಈ ದೇವಾಲಯದ ಶಾಸನವನ್ನು ರಚಿಸಿದವನು ಕವಿ ಜನ್ನ. ಜನ್ನನು ಜೈನ, ದೇವಾಲಯ ಶೈವ. ಅವನ ಮತವು ಅವನ ಲೇಖನಿಗೆ ಅಡ್ಡವಾಗಲಿಲ್ಲ. ಬಲ್ಲಾಳನು ಅವನಿಗೆ ‘ಕವಿಚಕ್ರವರ್ತಿ’ ಎಂಬ ಬಿರುದನ್ನು ಕೊಟ್ಟನು. ಬಿರುದೆಂಬುದು ಅಪಾಯಕರವಾದ ಬಹುಮಾನ; ಪಡೆದವನು ಆಮೇಲೆ ಅದನ್ನು ಕಾಯುತ್ತ ಕುಳಿತರೆ ಬೆಳೆಯುವುದನ್ನು ಮರೆಯುತ್ತಾನೆ. ಆದರೆ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನೂ, 1230ರಲ್ಲಿ ‘ಅನಂತನಾಥ ಪುರಾಣ’ವನ್ನೂ ಬರೆದನು. ದೊರೆಗಳ ಆಸ್ಥಾನದಲ್ಲಿದ್ದ ಈ ಕವಿ ಎರಡರಲ್ಲಿಯೂ ಶೋಧಿಸಿದ್ದು ದೊರೆಗಳ ಅಂತರಂಗವನ್ನೇ.

ಯಶೋಧರನು ಕೊಂದದ್ದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪವೇ ಜನ್ಮಜನ್ಮಾಂತರಗಳ ದುಃಖಕ್ಕೆ ಬೀಜವಾಯಿತು. ಅನಂತನಾಥ ಪುರಾಣದ ಚಂಡಶಾಸನನು ಗೆಳೆಯನಾದ ವಸುಷೇಣನ ಅತಿಥಿಯಾಗಿ ಬಂದು, ಗೆಳೆಯನ ಪತ್ನಿ ಸುನಂದೆಯನ್ನೇ ಅಪಹರಿಸುತ್ತಾನೆ. ಅವಳು ಪ್ರಾಣಬಿಟ್ಟ ಮೇಲೆ ತಾನೂ ಅವಳ ಚಿತೆಯನ್ನೇರುತ್ತಾನೆ. ಅವನಿಗೆ ಸ್ನೇಹಧರ್ಮ ತಿಳಿಯದೆಂದಲ್ಲ. ಗೆಳೆಯನಾಗಲಿ, ಆ ಹೆಂಗಸಾಗಲಿ ತನ್ನ ಇಚ್ಛೆಯ ಆಚೆಗೆ ಸ್ವತಂತ್ರವಾಗಿ ಇರುವ ಜೀವಗಳೆಂಬುದು ಅವನ ಕಣ್ಣಿಗೆ ಬೀಳುವುದಿಲ್ಲ. ಅಹಂಕಾರದ ನಿಜವಾದ ಲಕ್ಷಣ ಎತ್ತರದ ಮಾತಲ್ಲ, ಈ ಕುರುಡು. ಅದು ಕೃತ್ಯಕ್ಕೆ ಮೊದಲೇ ಸಂಕಲ್ಪದಲ್ಲಿ ಹುಟ್ಟುವುದರಿಂದ, ಹಿಡಿಯಬೇಕಾದರೆ ಅಲ್ಲಿಯೇ ಹಿಡಿಯಬೇಕು. ಇನ್ನೊಬ್ಬರಿಗೆ ಸಂದ ಹೊಗಳಿಕೆ ನಮಗೆ ನಷ್ಟವೆಂದು ತೋರುವ ಕ್ಷಣ, ತಿದ್ದುವ ಮಾತು ಕಿವಿಗೆ ಬೀಳುವ ಮೊದಲೇ ಉತ್ತರ ಸಿದ್ಧವಾಗುವ ಕ್ಷಣ, ಇವೇ ಅದರ ಹುಟ್ಟಿನ ಗಳಿಗೆಗಳು. ವಿದ್ಯಾವಂತರಿಗೆ ಇದರಿಂದಾಗುವ ಹಾನಿ ಹೆಚ್ಚು; ತಿದ್ದಿಸಿಕೊಳ್ಳಲಾರದವನ ವಿದ್ಯೆ ಅಂದಿಗೇ ನಿಂತುಹೋಗುವುದು.

ಗುರುತಿಸಿದ ಮೇಲೆ ಹತೋಟಿಯ ಉಪಾಯವೇನು? ಅದನ್ನೂ ನಮ್ಮ ಹಿರಿಯರು ಕಲ್ಲಿನ ಮೇಲೆಯೇ ಬರೆದಿಟ್ಟಿದ್ದಾರೆ. ನಾಡಿನ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಭಾವವುಂಟು: ತಾನು ಕೊಡುವ ದಾನಕ್ಕಿಂತ ಇತರರು ಕೊಟ್ಟುದನ್ನು ಕಾಪಾಡುವುದು ಇಮ್ಮಡಿ ಪುಣ್ಯವೆಂದು. ಪ್ರತಿಯೊಬ್ಬ ಅರಸನೂ ಹೊಸ ಗುಡಿ, ಹೊಸ ಅಗ್ರಹಾರ, ಹೊಸ ಶಾಸನ ತನ್ನದಾಗಲೆಂದು ಬಯಸುತ್ತಿದ್ದ ಕಾಲದಲ್ಲಿ ಈ ಮಾತು ಸಣ್ಣದಲ್ಲ. ಅರಸನ ಹೆಸರಿನ ಆಸೆಯನ್ನು ಅದು ನಿಷೇಧಿಸಲಿಲ್ಲ. ಅದಕ್ಕೆ ಹೆಸರಿಲ್ಲದ ಕೆಲಸವೊಂದನ್ನು ಜೊತೆಮಾಡಿ, ಬೆಲೆಯನ್ನು ಎರಡರಷ್ಟು ಕಟ್ಟಿತು.

ಈ ಉಪಾಯ ಇಂದಿಗೂ ಹಳತಾಗಿಲ್ಲ. ಉದ್ಘಾಟನೆಯ ಕಲ್ಲುಗಳಿಗೆ ನಮ್ಮ ಊರುಗಳಲ್ಲಿ ಕೊರತೆಯಿಲ್ಲ; ಕೆರೆ ಕಟ್ಟಿಸಿದವನಿಗೆ ಶಾಸನವಿರಬಹುದು, ವರ್ಷವರ್ಷವೂ ಹೂಳೆತ್ತಿದ ಸಾವಿರ ಕೈಗಳಿಗೆ ಇಲ್ಲ. ಆದರೂ ಗದ್ದೆಗೆ ನೀರು ಬಂದದ್ದು ಆ ಕೈಗಳಿಂದ. ಹಿಂದಿನ ಅಧಿಕಾರಿ ಆರಂಭಿಸಿದ ಒಳ್ಳೆಯ ಕೆಲಸವನ್ನು ಅವನ ಹೆಸರಿನಲ್ಲಿಯೇ ಮುಂದುವರಿಸುವುದು, ಇನ್ನೊಬ್ಬ ವಿದ್ವಾಂಸನ ಗ್ರಂಥವನ್ನು ಶ್ರಮಪಟ್ಟು ಸಂಪಾದಿಸುವುದು, ಮನೆಯಲ್ಲಿ ಹಿರಿಯರು ನೆಟ್ಟ ಮರಕ್ಕೆ ನೀರೆರೆಯುವುದು: ಇವುಗಳಲ್ಲಿ ಯಾವುದಾದರೊಂದನ್ನು ನಾವು ವ್ರತದಂತೆ ಕೈಗೊಂಡರೆ, ‘ನಾನು’ ಎಂಬುದು ಸಾಯುವುದಿಲ್ಲ, ತನಗೆ ಒಪ್ಪುವ ಅಳತೆಗೆ ಬರುತ್ತದೆ. ಅಮೃತಾಪುರಕ್ಕೆ ಹೋಗುವ ಮಹನೀಯರು ಶಿಲ್ಪವನ್ನು ಮನದಣಿಯೆ ನೋಡಿದ ಮೇಲೆ, ಎಂಟು ಶತಮಾನಗಳ ಕಾಲ ಆ ಗುಡಿಯನ್ನು ಗುಡಿಸಿ, ದೀಪ ಹಚ್ಚಿ, ಉಳಿಸಿದವರನ್ನೂ ನೆನೆಯಬೇಕೆಂದು ನಮ್ಮ ಬಿನ್ನಹ. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.