ಸೇದೋ ಬಾವಿ, ಸೇದೋ ಬೀಡಿ

ಯಲಹಂಕದ ಕಡೆಯ ಒಂದು ಕಾಲೇಜು ಹಬ್ಬ. ವೇದಿಕೆಯ ಮೇಲೆ ಹುಡುಗರ ಬ್ಯಾಂಡು ಶಿಶುನಾಳ ಶರೀಫರ ಗುಡುಗುಡಿ ಸೇದುವ ಪದವನ್ನು ರಘು ದೀಕ್ಷಿತ್ ಮಟ್ಟಿನಲ್ಲಿ ಬಾರಿಸುತ್ತಿತ್ತು. ಮೈದಾನಕ್ಕೆ ಮೈದಾನವೇ ಕುಣಿಯುತ್ತಿತ್ತು. ಕುಣಿದು ಬೆವೆತು ಬಂದ ಅಕ್ಕನ ಮಗಳು ಕೇಳಿದಳು: "ಮಾಮ, ಗುಡುಗುಡಿ ಅಂದ್ರೆ ಹುಕ್ಕಾ. ಸೇದೋದು ಅಂದ್ರೆ ಸ್ಮೋಕ್ ಮಾಡೋದು, ಅಷ್ಟೇ ತಾನೆ?" ಅಷ್ಟೇ ಅಂದೆ. ಮನೆಗೆ ಬಂದ ಮೇಲೆ ಅವಳ ಅಜ್ಜಿಯ ಮುಂದೆ ಮತ್ತೆ ಅದೇ ಮಾತು ಬಂತು. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಲೇ ಹೇಳಿದಳು: "ನಾನೂ ಇಪ್ಪತ್ತು ವರ್ಷ ಸೇದಿದೀನಿ ಕಣೇ." ಹುಡುಗಿ ಬಾಯಿ ತೆರೆದುಕೊಂಡು ಕೂತಳು. ಅಮ್ಮ ಇನ್ನೊಂದು ಕಾಯಿ ಮುರಿದು ಮಾತು ಮುಗಿಸಿದಳು: "ದಿನಾ ಬೆಳಿಗ್ಗೆ ಹದಿನೈದು ಬಿಂದಿಗೆ."

ಒಂದೇ ಕ್ರಿಯಾಪದ. ಅಜ್ಜಿಗೆ ನೀರು, ಮೊಮ್ಮಗಳಿಗೆ ಹೊಗೆ.

ಇವೆರಡರಲ್ಲಿ ನೀರೇ ಹಿರಿದು. ಅದಕ್ಕೆ ನೆರೆಮನೆಯವರೇ ಸಾಕ್ಷಿ. ತೆಲುಗಿನಲ್ಲಿ ಚೇದು ಎಂದರೆ ಹಗ್ಗ ಬಿಟ್ಟು ನೀರೆತ್ತುವುದು. ಸೇದೋ ಬಾವಿ ಅಲ್ಲಿ ಚೇದಬಾವಿ. ತಮಿಳಿನಲ್ಲಿ ಬಾವಿಯಿಂದ ನೀರು ಸೇಂದುತ್ತಾರೆ. ನಮ್ಮ ಸೇರು ತೆಲುಗಿನಲ್ಲಿ ಚೇರು ಆಗುವ ಹಾಗೆಯೇ ಸೇದು ಚೇದು ಆಗಿದೆ; ಒಂದೇ ತಾಯಿಯ ಮಕ್ಕಳು. ಆದರೆ ಹೊಗೆಯ ವಿಷಯಕ್ಕೆ ಬಂದರೆ ಎಲ್ಲರದೂ ಬೇರೆ ಬೇರೆ ದಾರಿ. ತೆಲುಗಿನವರು ಸಿಗರೇಟು ತಾಗುತ್ತಾರೆ, ಅಂದರೆ ಕುಡಿಯುತ್ತಾರೆ. ಹಿಂದಿಯವರೂ ಕುಡಿಯುತ್ತಾರೆ. ತಮಿಳರು ಹಿಡಿಯುತ್ತಾರೆ. ಬಾವಿಯ ಮಾತನ್ನು ಬೀಡಿಗೆ ತಂದವರು ನಾವು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಈ ಪದಕ್ಕೆ ನೀರಿನ ಅರ್ಥವೂ ಇದೆ, ಹೊಗೆಯ ಅರ್ಥವೂ ಇದೆ.

ಹೊಗೆಸೊಪ್ಪು ನಮ್ಮ ನೆಲದ್ದಲ್ಲ. ಅಮೆರಿಕ ಖಂಡದ ಆ ಎಲೆ ಪೋರ್ಚುಗೀಸರ ಹಡಗು ಹತ್ತಿ ಇಲ್ಲಿಗೆ ಬಂತು. 1604ರ ಸುಮಾರಿಗೆ ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಅದನ್ನು ಮೊದಲ ಸಲ ಕಂಡದ್ದು ಅಲ್ಲೇ. ಸೇದುವ ನಳಿಕೆಯ ಸಮೇತ ಬಾದಶಹನಿಗೆ ಒಯ್ದ. ದಿಲ್ಲಿ ಆಗ್ರಾದವರು ಇನ್ನೂ ನೋಡದ ಚಟ ಕನ್ನಡನಾಡಿನಲ್ಲಿ ಆಗಲೇ ಇತ್ತು ಎನ್ನುವುದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ಆದರೆ ಹೊಸ ಚಟಕ್ಕೆ ಒಂದು ಮಾತು ಬೇಕಿತ್ತು.

ಎಳೆ ಎಂಬ ಸುಲಭದ ಪದ ಕೈಗೆ ಸಿಗುವಂತಿದ್ದರೂ ಸೇದು ಏಕೆ ಬೇಕಾಯಿತು? ಗುಡುಗುಡಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಮೇಲೆ ಚಿಲುಮೆ, ಅದರಲ್ಲಿ ಹೊಗೆಸೊಪ್ಪು ಮತ್ತು ಕೆಂಡ. ಕೆಳಗೆ ಬುರುಡೆ, ಅದರ ತಳದಲ್ಲಿ ನೀರು. ಚಿಲುಮೆಯಿಂದ ಇಳಿದ ಕೊಳವೆಯ ತುದಿ ನೀರಲ್ಲಿ ಮುಳುಗಿರುತ್ತದೆ. ಬಾಯಿಟ್ಟು ಎಳೆದರೆ ಹೊಗೆ ಮೊದಲು ನೀರಿಗಿಳಿದು, ಗುಳ್ಳೆಯಾಗಿ ಎದ್ದು, ಆಮೇಲೆ ಬಾಯಿಗೆ ಬರುತ್ತದೆ. ಆ ಸದ್ದೇ ಗುಡುಗುಡಿ. ತಳದಲ್ಲಿ ನೀರು, ಮೇಲೆ ಕೂತು ಎಳೆಯುವವನು. ಇದು ಕೈಗೆತ್ತಿಕೊಂಡ ಬಾವಿ ಅಲ್ಲದೆ ಇನ್ನೇನು? ಇದನ್ನು ಯಾವ ಪಂಡಿತರೂ ಹೇಳಿದ್ದಲ್ಲ, ನನ್ನ ಊಹೆ. ಆದರೂ ಬಿಟ್ಟುಕೊಡಲು ಮನಸ್ಸಿಲ್ಲ.

ಇನ್ನೊಂದು ತಮಾಷೆ ಇದೆ. ಕನ್ನಡದಲ್ಲಿ ಚಿಲುಮೆಗಳು ಎರಡು. ಒಂದು ನೆಲದಿಂದ ಉಕ್ಕುವ ನೀರು. ತುಮಕೂರಿನ ಹತ್ತಿರ ದೇವರಾಯನದುರ್ಗದ ಬುಡದಲ್ಲಿ ನಾಮದ ಚಿಲುಮೆ ಇದೆಯಲ್ಲ, ಅದು. ಇನ್ನೊಂದು ಫಾರ್ಸಿಯ ಚಿಲಂ ನಮ್ಮ ಬಾಯಲ್ಲಿ ಸವೆದು ಆದದ್ದು. ಹುಟ್ಟಿನಲ್ಲಿ ಒಂದಕ್ಕೊಂದು ನಂಟೇ ಇಲ್ಲ. ಆದರೂ ಸೇದುವ ಮಾತಿನ ಹಾಗೆ ಇಲ್ಲೂ ನೀರು ಮತ್ತು ಬೆಂಕಿ ಒಂದೇ ಹೆಸರಿನಲ್ಲಿ ಬಂದು ಕೂತಿವೆ.

ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರು (1819–1889) ಹಿಡಿದುಕೊಂಡದ್ದು ಈ ಗುಡುಗುಡಿಯೆಂಬ ಸಾಮಾನನ್ನೇ. ಕಟ್ಟೆಯ ಮೇಲೆ ಕೂತವರ ಕೈಯಲ್ಲಿದ್ದ ಗುಡುಗುಡಿಯ ಒಂದೊಂದು ಭಾಗಕ್ಕೂ ಒಳಗಿನ ಅರ್ಥ ಕೊಟ್ಟು ತತ್ವಪದ ಕಟ್ಟಿದರು. ಕೇಳುವವರೆಲ್ಲ ಬೆಳಿಗ್ಗೆ ನೀರು ಸೇದಿ, ಸಂಜೆ ಹೊಗೆ ಸೇದುತ್ತಿದ್ದ ಜನ. ಆಳದಲ್ಲಿರುವುದನ್ನು ಮೇಲಕ್ಕೆ ತರುವುದು ಎಂಬ ಅರ್ಥ ಅವರಿಗೆ ತೋಳಿನಲ್ಲೇ ಗೊತ್ತಿತ್ತು. ಭಜನೆ ಮೇಳಗಳಲ್ಲಿ ಉಳಿದಿದ್ದ ಶರೀಫರ ಪದಗಳನ್ನು ಸಿ. ಅಶ್ವತ್ಥ್ ಮನೆಮನೆಗೂ ತಂದರು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. 2005ರಲ್ಲಿ ಮೇಖ್ರಿ ಸರ್ಕಲ್ ಪಕ್ಕದ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಎಂದು ಅಶ್ವತ್ಥ್ ಹಾಡಿದಾಗ ಸೇರಿದ ಜನವನ್ನು ಆ ದಾರಿಯಲ್ಲಿ ಸಿಕ್ಕಿಕೊಂಡವರು ಇನ್ನೂ ಮರೆತಿಲ್ಲ. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಗುಡುಗುಡಿ ಪದಕ್ಕೆ ಗಿಟಾರು, ಡ್ರಮ್ಮು ಕಟ್ಟಿದರು. ಪದ ಕೆಟ್ಟಿತು ಎಂದು ಗೊಣಗಿದವರಿದ್ದಾರೆ. ನಾನು ಆ ಗುಂಪಿನವನಲ್ಲ. ಉಸಿರೆಳೆದು ಸೇದುವುದನ್ನೇ ಹಾಡುವ ಪದಕ್ಕೆ ಡ್ರಮ್ಮಿನ ಏಟು ಭಾರವಾಗುವುದಿಲ್ಲ.

ಮೆಕ್ಸಿಕೋದ ಒಂದು ಹಾಡಿಗೂ ಹೀಗಾಗಿದೆ. 'ಲಾ ಬಾಂಬಾ' ವೆರಾಕ್ರೂಜ್ ಸೀಮೆಯ ಹಳೆಯ ಕುಣಿತದ ಹಾಡು. 1958ರಲ್ಲಿ ಅದನ್ನು ರಾಕ್ ಮಾಡಿ ಜಗತ್ತಿಗೆ ಹಂಚಿದ ರಿಚಿ ವ್ಯಾಲೆನ್ಸ್‌ಗೆ ಆಗ ಹದಿನೇಳು ವರ್ಷ. ಕ್ಯಾಲಿಫೋರ್ನಿಯಾದಲ್ಲಿ ಇಂಗ್ಲಿಷ್ ಆಡಿಕೊಂಡು ಬೆಳೆದ ಹುಡುಗ, ಸ್ಪ್ಯಾನಿಷ್ ಅಷ್ಟಾಗಿ ಬಾರದು. ಆದರೂ ಹಾಡು ಉಳಿಯಿತು. ಇದು ನೆನಪಾದ ಮೇಲೆ, ಅರ್ಧ ಅರ್ಥ ಹಿಡಿದು ಕುಣಿದ ಅಕ್ಕನ ಮಗಳ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಅವಳಾದರೂ ಏನು ಮಾಡಿಯಾಳು? ಹೆಸರಘಟ್ಟದ ನೀರು ಕೊಳವೆಯಲ್ಲಿ ಬೆಂಗಳೂರಿಗೆ ಹರಿದದ್ದು 1896ರಲ್ಲಿ, ಕಿಟೆಲ್ ನಿಘಂಟು ಬಂದ ಎರಡೇ ವರ್ಷಕ್ಕೆ. ಅಂದಿನಿಂದ ಈ ಊರಿನಲ್ಲಿ ಸೇದುವ ಕೆಲಸ ಕಡಿಮೆಯಾಗುತ್ತಲೇ ಬಂತು. ಯಲಹಂಕದ ನಮ್ಮ ಹಳೇ ಮನೆಯ ಬಾವಿಯ ಮೇಲೆ ಈಗ ಕಾಂಕ್ರೀಟ್ ಮುಚ್ಚಳ, ಅದರ ಮೇಲೆ ವಾಷಿಂಗ್ ಮಷೀನು. ರಾಟೆ ಗುಜರಿಗೆ ಹೋಯಿತು. ಬಿಂದಿಗೆ ಜಾರಿ ಬಿದ್ದರೆ ಎತ್ತುತ್ತಿದ್ದ ಪಾತಾಳಗರಡಿ ಮಾತ್ರ ಅಟ್ಟದ ಮೇಲಿದೆ, ಕೊಕ್ಕೆಗಳೆಲ್ಲ ತುಕ್ಕು ಹಿಡಿದು. ಈಗ ನಾವು ಮೋಟಾರ್ ಹಾಕುತ್ತೇವೆ, ಟ್ಯಾಂಕರ್ ಕರೆಸುತ್ತೇವೆ. ಹೊಗೆಯ ಕಡೆಯೂ ಈ ಮಾತಿಗೆ ಉಳಿಗಾಲವಿಲ್ಲ. ಹುಡುಗರು ದಮ್ಮು ಹೊಡೆಯುತ್ತಾರೆ, ಸೇದುವುದಿಲ್ಲ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹುಕ್ಕಾವನ್ನೂ ನಿಷೇಧಿಸಿತು.

ನೀರು ಸೇದುವ ಬಾವಿ ನಿಮ್ಮ ಬೀದಿಯಲ್ಲಿ, ಹೆಬ್ಬಾಳದಲ್ಲೋ ಯಶವಂತಪುರದಲ್ಲೋ, ಇನ್ನೂ ಒಂದು ಇದ್ದರೆ ಎಲ್ಲಿದೆ ಎಂದು ಒಂದು ಸಾಲು ಬರೆದು ತಿಳಿಸಿ. ಹುಡುಗಿಯನ್ನು ಕರೆದುಕೊಂಡು ಬರುತ್ತೇನೆ. ಹಗ್ಗ ನಮ್ಮದೇ ತರುತ್ತೇವೆ.