ಹಣ ಕಟ್ಟಿದರೆ ಅಗ್ನಿವೀರರು ಸೇನೆ ಬಿಡಬಹುದೇ?

ದುಡ್ಡು ಕಟ್ಟಿದರೆ ಸೇನೆಯಿಂದ ನಡುವೆಯೇ ಹೊರಬರಬಹುದು ಎಂಬ ಮಾತನ್ನು ನಾವು ಕೇಳಿರುತ್ತೇವೆ. ಬ್ರಿಟನ್‌ನಲ್ಲಿ ಅಂಥ ಪದ್ಧತಿ ಇತ್ತು. ಗಾಯಕ ಬಿಲ್ಲಿ ಬ್ರ್ಯಾಗ್ ಸೇರಿದ ಕೆಲವೇ ತಿಂಗಳಲ್ಲಿ, 1981ರಲ್ಲಿ, 175 ಪೌಂಡ್ ಕಟ್ಟಿ ಹೊರಬಂದಿದ್ದರು.

ನಮ್ಮ ಅಗ್ನಿಪಥ ಯೋಜನೆಯಲ್ಲಿ ಹೀಗಿಲ್ಲ. ಅವಧಿ ನಾಲ್ಕು ವರ್ಷ. ಸ್ವಂತ ಕೋರಿಕೆಯ ಮೇಲೆ ಬಿಡುಗಡೆಗೆ ಅವಕಾಶವಿಲ್ಲ. ತೀರಾ ಅಪರೂಪದ ಪ್ರಕರಣಗಳಲ್ಲಿ ಮಾತ್ರ ಮೇಲಧಿಕಾರಿಗಳು ಒಪ್ಪಬಹುದು.

ಒಪ್ಪಿದರೂ ನಷ್ಟ ದೊಡ್ಡದು. ಅವಧಿ ಮುಗಿಸಿದವರಿಗೆ ಸುಮಾರು 11.71 ಲಕ್ಷ ರೂ. ಸೇವಾ ನಿಧಿ ಸಿಗುತ್ತದೆ. ಸಂಬಳದಿಂದ ಪ್ರತಿ ತಿಂಗಳು ಶೇ. 30ರಂತೆ ಕಡಿತವಾದ 5.02 ಲಕ್ಷ, ಸರ್ಕಾರ ಹಾಕುವ ಅಷ್ಟೇ ಮೊತ್ತ ಮತ್ತು ಬಡ್ಡಿ ಇದರಲ್ಲಿ ಸೇರಿವೆ. ತಾವಾಗಿಯೇ ಕೇಳಿ ನಡುವೆ ಬಿಟ್ಟವರಿಗೆ ಅದುವರೆಗಿನ ತಮ್ಮ ಪಾಲು ಬಡ್ಡಿಸಹಿತ ಸಿಗುತ್ತದೆ, ಸರ್ಕಾರದ ಪಾಲು ಸಿಗದು.

ಹೇಳದೆ ಕೇಳದೆ ಊರಿಗೆ ಬಂದುಬಿಡುವುದು ಇನ್ನೂ ಅಪಾಯ. 1950ರ ಸೇನಾ ಕಾಯ್ದೆಯಡಿ ಅನುಮತಿಯಿಲ್ಲದೆ ಗೈರಾಗುವುದು ಅಪರಾಧ.

ಮನೆಯಲ್ಲಿ ನಿಜವಾದ ಕಷ್ಟವಿದ್ದರೆ ದಾಖಲೆಸಹಿತ ಕಮಾಂಡಿಂಗ್ ಅಧಿಕಾರಿಗೆ ಅರ್ಜಿ ಕೊಡುವುದೇ ಸರಿಯಾದ ದಾರಿ. ಬಿಡಿಸಿಕೊಡುತ್ತೇವೆಂದು ಹಣ ಕೇಳುವ ದಲ್ಲಾಳಿಗಳನ್ನು ನಂಬಬೇಡಿ.