ಗೃಹ ರೌಟರ್ ಪರರ ವಶವಾದಾಗ ಡೊಮೇನ್ ಹೆಸರಿನ ವಿಚಾರಣೆಗೆ ರಕ್ಷಣೆ

ಅಂತರಜಾಲದಲ್ಲಿ ಬಳಕೆದಾರರು ನಮೂದಿಸುವ ತಾಣದ ಹೆಸರನ್ನು ಡೊಮೇನ್ ನಾಮ ವ್ಯವಸ್ಥೆಯು, ಅಂದರೆ ಡಿ.ಎನ್.ಎಸ್., ಸಂಖ್ಯಾರೂಪದ ವಿಳಾಸವಾಗಿ ಪರಿವರ್ತಿಸಿಕೊಡುತ್ತದೆ. ಇದಕ್ಕಾಗಿ ಯಾವ ಸರ್ವರನ್ನು ಕೇಳಬೇಕೆಂಬುದನ್ನು ಮನೆಯ ಗಣಕಯಂತ್ರ ಹಾಗೂ ಮೊಬೈಲುಗಳಿಗೆ ಸಾಮಾನ್ಯವಾಗಿ ರೌಟರೇ ತಿಳಿಸುತ್ತದೆ. ಆದುದರಿಂದ ರೌಟರಿನಲ್ಲಿರುವ ಈ ಒಂದು ವಿಳಾಸವನ್ನು ಬದಲಿಸಿದವನು ಇಡೀ ಮನೆಯ ಉಪಕರಣಗಳನ್ನು ದಾರಿ ತಪ್ಪಿಸಬಲ್ಲನು.

ಬ್ರೆಜಿಲ್ ದೇಶದಲ್ಲಿ 2011ರಿಂದ ನಡೆದ ದಾಳಿಯು ಇದಕ್ಕೆ ಪ್ರಮುಖ ನಿದರ್ಶನ. ಅಲ್ಲಿ ಸುಮಾರು 45 ಲಕ್ಷ ಡಿ.ಎಸ್.ಎಲ್. ಮೋಡೆಮ್‌ಗಳ ಡಿ.ಎನ್.ಎಸ್. ವಿಳಾಸಗಳನ್ನು ದುಷ್ಕರ್ಮಿಗಳು ಬದಲಿಸಿದ್ದರು. ಸುಪರಿಚಿತ ತಾಣದ ಹೆಸರನ್ನು ಸರಿಯಾಗಿಯೇ ನಮೂದಿಸಿದವರು ನಕಲಿ ಪುಟಕ್ಕೆ ತಲುಪುತ್ತಿದ್ದರು. ಬ್ಯಾಂಕ್ ಖಾತೆಯ ವಿವರಗಳನ್ನು ಕದಿಯುವುದೇ ಮುಖ್ಯ ಉದ್ದೇಶವಾಗಿತ್ತು. ಮೋಡೆಮಿನ ತಂತ್ರಾಂಶದಲ್ಲಿದ್ದ ದೋಷದಿಂದ ಗುಪ್ತಪದವೇ ಹೊರಬೀಳುತ್ತಿದ್ದುದರಿಂದ, ಕಠಿಣ ಗುಪ್ತಪದವನ್ನು ಇಟ್ಟುಕೊಂಡವರಿಗೂ ರಕ್ಷಣೆ ದೊರೆಯಲಿಲ್ಲವೆಂಬುದು ಗಮನಾರ್ಹ.

ಗಣಕಯಂತ್ರದಲ್ಲಿ ಬೇರೊಂದು ಡಿ.ಎನ್.ಎಸ್. ವಿಳಾಸವನ್ನು ನಮೂದಿಸಿದರೆ ಸಾಕೆಂಬ ಅಭಿಪ್ರಾಯವು ಪ್ರಚಲಿತದಲ್ಲಿದೆ. ಇದು ಅರ್ಧ ಸತ್ಯ ಮಾತ್ರ. ಸಾಮಾನ್ಯ ವಿಚಾರಣೆಯು ತೆರೆದ ಅಂಚೆ ಕಾರ್ಡಿನಂತೆ ರೌಟರಿನ ಮೂಲಕವೇ ಸಾಗುವುದರಿಂದ, ವಶವಾದ ರೌಟರು ಅದನ್ನು ತಡೆದು ತಾನೇ ಸುಳ್ಳು ಉತ್ತರವನ್ನು ನೀಡಬಹುದು. ವಿಚಾರಣೆಯನ್ನು ಗೂಢಲಿಪೀಕರಿಸಿ ಕಳುಹಿಸುವುದೇ ಸಮರ್ಪಕ ಉಪಾಯ. ಇದಕ್ಕೆ ಟಿ.ಎಲ್.ಎಸ್. ಮೂಲಕ ಡಿ.ಎನ್.ಎಸ್. (2016) ಮತ್ತು ಎಚ್.ಟಿ.ಟಿ.ಪಿ.ಎಸ್. ಮೂಲಕ ಡಿ.ಎನ್.ಎಸ್. (2018) ಎಂಬ ಮಾನಕಗಳಿವೆ. ಆಂಡ್ರಾಯ್ಡ್ 9 ಮತ್ತು ನಂತರದ ಆವೃತ್ತಿಗಳ 'ಪ್ರೈವೇಟ್ ಡಿ.ಎನ್.ಎಸ್.' ಆಯ್ಕೆಯಲ್ಲಿ ನಂಬಿಕೆಯ ಸೇವಾದಾತರ ಹೆಸರನ್ನು ನಮೂದಿಸತಕ್ಕದ್ದು. 'ಸ್ವಯಂಚಾಲಿತ' ಎಂಬ ಆಯ್ಕೆಯು ರೌಟರು ಸೂಚಿಸಿದ ಸರ್ವರನ್ನೇ ಅವಲಂಬಿಸುತ್ತದೆ ಹಾಗೂ ಗೂಢಲಿಪಿ ಲಭ್ಯವಿಲ್ಲದಿದ್ದಲ್ಲಿ ತೆರೆದ ವಿಚಾರಣೆಗೇ ಮರಳುತ್ತದೆ. ಹೆಸರನ್ನು ನಮೂದಿಸಿದಾಗ ರೌಟರು ಸಂಪರ್ಕವನ್ನು ತಡೆಯಬಹುದೇ ಹೊರತು, ಆ ಸರ್ವರಿನ ಪ್ರಮಾಣಪತ್ರವಿಲ್ಲದೆ ಅದರ ಹೆಸರಿನಲ್ಲಿ ಉತ್ತರಿಸಲಾರದು. ಆದಕಾರಣ ಜಾಲವು ಹಠಾತ್ತನೆ ಸ್ಥಗಿತಗೊಂಡಲ್ಲಿ ಈ ಆಯ್ಕೆಯನ್ನು ಕೂಡಲೇ ತೆಗೆದುಹಾಕದೆ, ಮೊದಲು ರೌಟರನ್ನು ಪರಿಶೀಲಿಸುವುದು ಸೂಕ್ತ. ಬ್ರೌಸರು ತೋರಿಸುವ ಪ್ರಮಾಣಪತ್ರದ ಎಚ್ಚರಿಕೆಯನ್ನು ಕಡೆಗಣಿಸಿ ಮುಂದುವರಿಯಬಾರದು.

ಇಷ್ಟಾದರೂ ರೌಟರನ್ನು ಹಾಗೆಯೇ ಬಿಡುವಂತಿಲ್ಲ. ಅದರ ಅಂತರಜಾಲ ಸಂಪರ್ಕವನ್ನು ಕಡಿದು, ಹಿಂಬದಿಯ ರೀಸೆಟ್ ಗುಂಡಿಯಿಂದ ಕಾರ್ಖಾನೆಯ ಮೂಲಸ್ಥಿತಿಗೆ ತಂದು, ಹೊಸ ಗುಪ್ತಪದವನ್ನು ನೀಡಿ, ಹೊರಗಿನಿಂದ ನಿರ್ವಹಿಸುವ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಿದ ನಂತರವೇ ಪುನಃ ಜೋಡಿಸಬೇಕು. ತಯಾರಕರ ತಂತ್ರಾಂಶದ ಪರಿಷ್ಕರಣೆಯನ್ನು ತಕ್ಷಣ ಅಳವಡಿಸತಕ್ಕದ್ದು. ತಯಾರಕರು ಪರಿಷ್ಕರಣೆಯನ್ನು ನಿಲ್ಲಿಸಿರುವ ಹಳೆಯ ರೌಟರನ್ನು ಬದಲಾಯಿಸುವುದೇ ಲೇಸು. ಮೂಲಸ್ಥಿತಿಗೆ ತಂದರೂ ಅದರ ದೋಷ ಉಳಿದೇ ಇರುತ್ತದೆ.

ಈ ಅವಧಿಯಲ್ಲಿ ಬಳಸಿದ ಬ್ಯಾಂಕ್ ಹಾಗೂ ಇ-ಮೇಲ್ ಗುಪ್ತಪದಗಳನ್ನು ಮೊಬೈಲ್ ಜಾಲದಂತಹ ಬೇರೆ ಸಂಪರ್ಕದಿಂದ ಬದಲಾಯಿಸಬೇಕು. ಹಣ ಕಳೆದುಕೊಂಡವರು ವಿಳಂಬ ಮಾಡದೆ ತಮ್ಮ ಬ್ಯಾಂಕಿಗೂ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಮಾಹಿತಿ ನೀಡಬಹುದಾಗಿದೆ.